ನಿವೃತ್ತಿಯ ಹಣ: ತೋರಿಸಬೇಕಾದ್ದೆಷ್ಟು, ಕಟ್ಟಬೇಕಾದ್ದೆಷ್ಟು

ಮಾಕಳಿದುರ್ಗದ ಬುಡದ ಊರುಗಳಲ್ಲಿ ಸರ್ಕಾರಿ ಕೆಲಸ ಮಾಡಿ ನಿವೃತ್ತರಾದವರಿಗೆ ಕಡಿಮೆಯಿಲ್ಲ. ಶಾಲೆಯ ಮೇಷ್ಟ್ರು, ಕಂದಾಯ ಇಲಾಖೆಯವರು, ರೈಲ್ವೆಯವರು, ಹೀಗೆ. ಮುಂಗಾರು ಹಿಡಿಯುವ ಹೊತ್ತಿಗೆ ಇವರಲ್ಲಿ ಅನೇಕರು ದೊಡ್ಡಬಳ್ಳಾಪುರಕ್ಕೆ ಹೋಗಿ ಕಂಪ್ಯೂಟರ್ ಸೆಂಟರಿನಲ್ಲಿ ರಿಟರ್ನ್ ಹಾಕಿಸಿ ಬರುತ್ತಾರೆ. ಇನ್ನು ಕೆಲವರದ್ದನ್ನು ಬೆಂಗಳೂರಿನಲ್ಲಿರುವ ಮಗಳೋ ಅಳಿಯನೋ ರಜೆಯ ದಿನ ಲ್ಯಾಪ್‌ಟಾಪ್ ತೆರೆದು ಮುಗಿಸುತ್ತಾರೆ. ಕೂಡುವುದು ಕಳೆಯುವುದರಲ್ಲಿ ಸಾಫ್ಟ್‌ವೇರ್ ತಪ್ಪುವುದಿಲ್ಲ. ಆದರೆ ಬಂದ ಹಣ ಯಾರು ಕೊಟ್ಟದ್ದು, ಯಾವ ಬಾಬ್ತಿನದ್ದು ಎಂಬುದು ನಾವು ತುಂಬಿದಷ್ಟೇ ಅದಕ್ಕೆ ಗೊತ್ತು. ಮೂವತ್ತು ವರ್ಷ ದುಡಿದವರು ಅಲ್ಲೇ ಏಟು ತಿನ್ನುತ್ತಾರೆ. ಕೆಲವರು ಕಟ್ಟಬೇಕಿಲ್ಲದ ತೆರಿಗೆ ಕಟ್ಟುತ್ತಾರೆ, ಕೆಲವರಿಗೆ ವರ್ಷ ಕಳೆದ ಮೇಲೆ ನೋಟಿಸ್ ಬರುತ್ತದೆ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ನಂಬಿಕೆ ಇದು: "ತೆರಿಗೆ ಇಲ್ಲದ ಹಣವನ್ನು ರಿಟರ್ನಿನಲ್ಲಿ ತೋರಿಸುವುದೇ ಬೇಡ."

ರಾಜ್ಯ ಅಥವಾ ಕೇಂದ್ರ ಸರ್ಕಾರದ ನೌಕರರಿಗೆ ನಿವೃತ್ತಿಯಲ್ಲಿ ಬರುವ ಮೂರು ದೊಡ್ಡ ಮೊತ್ತಗಳಿಗೆ ಪೂರ್ತಿ ವಿನಾಯಿತಿ ಇರುವುದು ನಿಜ. ಗ್ರಾಚ್ಯುಟಿಗೆ ಕಲಂ 10(10), ಕಮ್ಯುಟೇಷನ್ ಹಣಕ್ಕೆ 10(10ಎ), ಗಳಿಕೆ ರಜೆ ನಗದೀಕರಣಕ್ಕೆ 10(10ಎಎ). ಆದರೆ ರಿಟರ್ನಿನ ನಮೂನೆ ಇರುವುದೇ ಬೇರೆ ರೀತಿ. ಮೊದಲು ಆ ಹಣವನ್ನು ಒಟ್ಟು ಸಂಬಳದಲ್ಲಿ ಸೇರಿಸಬೇಕು, ಅದರ ಕೆಳಗೇ ಇರುವ ವಿನಾಯಿತಿಯ ಪಟ್ಟಿಯಲ್ಲಿ ಸರಿಯಾದ ಕಲಂ ಆರಿಸಿ ಅಷ್ಟನ್ನೂ ಕಳೆಯಬೇಕು. ಸೇರಿಸದೆ ಬಿಟ್ಟರೆ ಫಾರಂ 16ರ ಒಟ್ಟು ಮೊತ್ತಕ್ಕೂ ರಿಟರ್ನಿಗೂ ತಾಳೆಯಾಗುವುದಿಲ್ಲ. ಸೇರಿಸಿ ಕಳೆಯುವುದನ್ನು ಮರೆತರೆ ಆಗುವುದು ಅದಕ್ಕಿಂತ ಕೆಟ್ಟದ್ದು.

ಲೆಕ್ಕ ಹಾಕಿಯೇ ನೋಡೋಣ. ತಿಂಗಳಿಗೆ 1 ಲಕ್ಷ ಸಂಬಳದ ಮೇಷ್ಟ್ರೊಬ್ಬರು 2025ರ ಸೆಪ್ಟೆಂಬರ್ ಕೊನೆಗೆ ನಿವೃತ್ತರಾದರು ಎಂದಿಟ್ಟುಕೊಳ್ಳಿ. ಆರು ತಿಂಗಳ ಸಂಬಳ 6 ಲಕ್ಷ, ಆರು ತಿಂಗಳ ಪಿಂಚಣಿ 3 ಲಕ್ಷ, 300 ದಿನದ ಗಳಿಕೆ ರಜೆಯ ನಗದು 10 ಲಕ್ಷ. ರಜೆಯ ಹಣವನ್ನು ಕಳೆದರೆ ಉಳಿಯುವುದು 9 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಹೋದರೆ 8.25 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಅದೇ 10 ಲಕ್ಷವನ್ನು ಕಳೆಯದೆ ಬಿಟ್ಟರೆ ಆದಾಯ 18.25 ಲಕ್ಷವಾಗಿ, ಸೆಸ್ ಸೇರಿ 1,71,600 ರೂಪಾಯಿ ತೆರಿಗೆ ತೋರಿಸುತ್ತದೆ. ಒಂದು ಸಾಲು ತುಂಬದೇ ಹೋದದ್ದರ ಬೆಲೆ ಅಷ್ಟು.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಮಾತು, ಹೊಸ ಪದ್ಧತಿ ಆರಿಸಿಕೊಂಡರೆ ವಿನಾಯಿತಿಗಳೇ ಇಲ್ಲ ಎನ್ನುವುದು. ಮನೆ ಬಾಡಿಗೆ ಭತ್ಯೆ, 80ಸಿ, ಹಿರಿಯರ ಬಡ್ಡಿಗಿದ್ದ 50,000ದ 80ಟಿಟಿಬಿ ಹೋಗುವುದು ನಿಜ. ಮೇಲೆ ಹೇಳಿದ ಮೂರೂ ಹಾಗೆಯೇ ಉಳಿದಿವೆ. ಜಿಪಿಎಫ್ ಅಂತಿಮ ಹಣ, ಕೆಜಿಐಡಿ ಪಾಲಿಸಿಯ ಹಣ ಸಾಮಾನ್ಯವಾಗಿ ತೆರಿಗೆಯ ಹೊರಗೇ. ಅವನ್ನು ವಿನಾಯಿತಿ ಪಡೆದ ಆದಾಯದ ಪಟ್ಟಿಯಲ್ಲಿ ಬರೆದರಾಯಿತು.

"ಸರ್ಕಾರಿ ಅಂದಮೇಲೆ ಎಲ್ಲರಿಗೂ ಒಂದೇ ನಿಯಮ" ಎನ್ನುವುದೂ ಸರಿಯಲ್ಲ. ಬಿಇಎಲ್, ಎಚ್‌ಎಎಲ್, ಐಟಿಐ ಕಾರ್ಖಾನೆಗಳಲ್ಲಿ ದುಡಿದವರನ್ನು ಊರಿನವರು ಸರ್ಕಾರಿ ನೌಕರರೆಂದೇ ಕರೆಯುತ್ತಾರೆ, ತೆರಿಗೆ ಕಾಯ್ದೆ ಹಾಗೆ ಕರೆಯುವುದಿಲ್ಲ. ಅವರಿಗೆ ಗ್ರಾಚ್ಯುಟಿಯ ವಿನಾಯಿತಿ 20 ಲಕ್ಷಕ್ಕೆ, ರಜೆ ನಗದೀಕರಣದ್ದು 25 ಲಕ್ಷಕ್ಕೆ ನಿಲ್ಲುತ್ತದೆ. ಈ 25 ಲಕ್ಷ ಬಂದದ್ದು 2023ರ ಏಪ್ರಿಲ್ 1ರಿಂದ, ಅದಕ್ಕೆ ಮೊದಲು ಬರೀ 3 ಲಕ್ಷವಿತ್ತು. ನಗರಸಭೆಯಂಥ ಸ್ಥಳೀಯ ಸಂಸ್ಥೆಯ ನೌಕರರು ಗ್ರಾಚ್ಯುಟಿ, ಕಮ್ಯುಟೇಷನ್ ಎರಡರಲ್ಲೂ ಸರ್ಕಾರಿ ನೌಕರರ ಸಾಲಿಗೇ ಸೇರುತ್ತಾರೆ, ರಜೆಯ ಹಣದಲ್ಲಿ ಸೇರುವುದಿಲ್ಲ. ಉದ್ಯೋಗದ ಸ್ವರೂಪ ಕೇಳುವ ಪಟ್ಟಿಯಲ್ಲಿ ಕೇಂದ್ರ, ರಾಜ್ಯ, ಸಾರ್ವಜನಿಕ ಉದ್ದಿಮೆ, ಅವುಗಳ ಪಿಂಚಣಿದಾರರು, ಇತರರು ಎಂದು ಬೇರೆಬೇರೆ ಇರುವುದು ಇದೇ ಕಾರಣಕ್ಕೆ. ಅವಸರದಲ್ಲಿ "ಇತರರು" ಒತ್ತಿದರೆ ಸಾಫ್ಟ್‌ವೇರ್ ನಿಮ್ಮನ್ನು ಖಾಸಗಿ ನೌಕರರ ಮಿತಿಯೊಳಗೆ ಕೂರಿಸಿಬಿಡಬಹುದು.

ಈಗ ತಿಂಗಳ ಪಿಂಚಣಿ. "ಪಾಸ್‌ಬುಕ್ಕಿಗೆ ಬಿದ್ದದ್ದೇ ಆದಾಯ" ಎಂದು ಹನ್ನೆರಡು ತಿಂಗಳ ಜಮೆ ಕೂಡಿ ಬರೆಯುವವರಿದ್ದಾರೆ. ಟಿಡಿಎಸ್ ಹಿಡಿದ ಮೇಲೆ ಉಳಿದದ್ದು ಪಾಸ್‌ಬುಕ್ಕಿಗೆ ಬರುತ್ತದೆ. ಹಿಡಿದದ್ದನ್ನೂ ಸೇರಿಸಿದ ಮೊತ್ತವೇ ಆದಾಯ. ಇದಕ್ಕೆ ತದ್ವಿರುದ್ಧವಾದ ತಪ್ಪು ಕಮ್ಯುಟೇಷನ್‌ನದ್ದು. ರಾಜ್ಯ ಸರ್ಕಾರದ ನೌಕರರು ಪಿಂಚಣಿಯ ಮೂರನೇ ಒಂದು ಭಾಗದವರೆಗೆ, ರೈಲ್ವೆಯಂಥ ಕೇಂದ್ರದ ನೌಕರರು ಶೇಕಡಾ 40ರವರೆಗೆ ಮುಂಗಡವಾಗಿ ಪಡೆಯಬಹುದು. ಮೂಲ ಪಿಂಚಣಿ 45,000 ಇದ್ದು 15,000 ಕಮ್ಯೂಟ್ ಆಗಿದ್ದರೆ ತೆರಿಗೆಯ ಲೆಕ್ಕಕ್ಕೆ ಬರುವುದು ಉಳಿದ 30,000 ಮತ್ತು ತುಟ್ಟಿಭತ್ಯೆ. ಪಿಂಚಣಿ ಚೀಟಿಯ ಮೇಲಿನ ಸಾಲಿನಲ್ಲಿರುವ 45,000ವನ್ನೇ ಬರೆದರೆ ಇಲ್ಲದ ಹಣಕ್ಕೆ ತೆರಿಗೆ ಕಟ್ಟಿದಂತೆ. 15 ವರ್ಷದ ನಂತರ ಆ ಭಾಗ ಮರಳಿ ಬರತೊಡಗಿದಾಗ ಅದೂ ಆದಾಯವೇ.

ನಿವೃತ್ತಿಯಾದ ವರ್ಷ ಎರಡು ಫಾರಂ 16 ಬರಬಹುದು, ಇಲಾಖೆಯದ್ದೊಂದು, ಪಿಂಚಣಿ ಕೊಡುವವರದ್ದೊಂದು. ಎರಡರಲ್ಲೂ 75,000 ಕಳೆದಿರಬಹುದು. ನಿಮಗೆ ಸಲ್ಲುವುದು ಒಂದೇ ಸಲ. ಎರಡನ್ನೂ ತುಂಬಿದಾಗ ಸ್ವಲ್ಪ ತೆರಿಗೆ ಬಾಕಿ ತೋರಿಸಿತೆಂದು ಒಂದನ್ನು ಅಳಿಸಿಹಾಕಬೇಡಿ; ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಎರಡೂ ಕಾಣುತ್ತವೆ.

ನನಗೆ ಹೆಚ್ಚು ಸಂಕಟವಾಗುವುದು ಕುಟುಂಬ ಪಿಂಚಣಿಯ ವಿಷಯದಲ್ಲಿ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಪಿಂಚಣಿ ಸಂಬಳವಲ್ಲ, ಏಕೆಂದರೆ ಆಕೆಗೂ ಸರ್ಕಾರಕ್ಕೂ ನೌಕರಿಯ ಸಂಬಂಧವಿಲ್ಲ. ಅದನ್ನು ಇತರ ಮೂಲಗಳ ಆದಾಯದಲ್ಲಿ ಬರೆಯಬೇಕು. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. ಅದರ ಬದಲು ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದನ್ನು ಕಳೆಯಬಹುದು. ಹಳೆ ಪದ್ಧತಿಯಲ್ಲಾದರೆ ಮಿತಿ 15,000. ಗಂಡನ ರಿಟರ್ನ್ ನೋಡಿಕೊಂಡೇ ಹೆಂಡತಿಯದ್ದನ್ನೂ ತುಂಬಿ 75,000 ಕಳೆದರೆ ಮುಂದೆ ತಿದ್ದುಪಡಿಯ ಚೀಟಿ ಬರುವುದು ದುಃಖದಲ್ಲಿರುವ ಆಕೆಯ ಹೆಸರಿಗೆ. ಗಂಡ ವರ್ಷದ ನಡುವೆ ತೀರಿಕೊಂಡಿದ್ದರೆ, ಅವರು ಬದುಕಿದ್ದ ತಿಂಗಳುಗಳ ಪಿಂಚಣಿಗೆ ಅವರ ಪ್ಯಾನ್‌ನಲ್ಲೇ ಬೇರೆ ರಿಟರ್ನ್. ಇಲಾಖೆಯ ತಾಣದಲ್ಲಿ ವಾರಸುದಾರರೆಂದು ನೋಂದಾಯಿಸಿಕೊಂಡು ಅದನ್ನು ಸಲ್ಲಿಸಬೇಕು.

"12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ರಿಟರ್ನ್ ಯಾಕೆ?" ರಿಬೇಟ್ ಬೇರೆ, ಮೂಲ ಮಿತಿ ಬೇರೆ. 2025-26ರ ಆದಾಯಕ್ಕೆ ಹೊಸ ಪದ್ಧತಿಯ ಮೂಲ ಮಿತಿ 4 ಲಕ್ಷ. ತಿಂಗಳಿಗೆ 40,000 ಪಿಂಚಣಿ ಇದ್ದರೂ 75,000 ಕಳೆದ ಮೇಲೆ 4.05 ಲಕ್ಷ ಉಳಿಯುತ್ತದೆ. ತೆರಿಗೆ ಸೊನ್ನೆ, ರಿಟರ್ನ್ ಕಡ್ಡಾಯ. ಹಾಗೆಯೇ, 75 ತುಂಬಿದವರಿಗೆ ತೆರಿಗೆಯೇ ಇಲ್ಲವೆಂಬುದೂ ತಪ್ಪು. ಪಿಂಚಣಿ ಮತ್ತು ಬಡ್ಡಿ ಎರಡೂ ಒಂದೇ ಬ್ಯಾಂಕಿನಿಂದ ಬರುತ್ತಿದ್ದು, ಬೇರೆ ಆದಾಯವಿಲ್ಲದೆ, ಆ ಬ್ಯಾಂಕಿಗೆ ಘೋಷಣೆ ಕೊಟ್ಟರೆ ತೆರಿಗೆಯನ್ನು ಬ್ಯಾಂಕೇ ಹಿಡಿಯುತ್ತದೆ, ರಿಟರ್ನ್ ಮಾತ್ರ ಬೇಡ. ಅಂಚೆ ಕಚೇರಿಯಲ್ಲೊಂದು ಠೇವಣಿ ಇದ್ದರೂ ಈ ಸವಲತ್ತು ಸಿಗುವುದಿಲ್ಲ.

ಹಿಂಬಾಕಿಯ ಮಾತೂ ಇದೆ. ರಾಜ್ಯದ ಏಳನೇ ವೇತನ ಆಯೋಗದ ದರಗಳು 2022ರ ಜುಲೈ 1ರಿಂದ ಲೆಕ್ಕಕ್ಕೆ ಬಂದರೂ ಹಣ ಕೈಸೇರಿದ್ದು 2024ರ ಆಗಸ್ಟ್ 1ರಿಂದ. ನಡುವಿನ ಎರಡು ವರ್ಷದಲ್ಲಿ ನಿವೃತ್ತರಾದವರು ಗ್ರಾಚ್ಯುಟಿ, ಕಮ್ಯುಟೇಷನ್, ರಜೆ ಹಣದ ವ್ಯತ್ಯಾಸಕ್ಕೆ ಒತ್ತಾಯಿಸುತ್ತ ಬಂದಿದ್ದಾರೆ. ಅಂಥ ವ್ಯತ್ಯಾಸ ಯಾವಾಗ ಬಂದರೂ ಮೂಲ ಹಣಕ್ಕಿರುವ ವಿನಾಯಿತಿಯೇ ಅದಕ್ಕೂ. ಪಿಂಚಣಿಯ ಹಿಂಬಾಕಿ ಮಾತ್ರ ಕೈಸೇರಿದ ವರ್ಷದ ಆದಾಯ. ಅದರಿಂದ ಹೊರೆ ಹೆಚ್ಚಾದರೆ ಕಲಂ 89ರ ಪರಿಹಾರ ಹೊಸ ಪದ್ಧತಿಯಲ್ಲೂ ಇದೆ, ಆದರೆ ರಿಟರ್ನಿಗೆ ಮೊದಲು ಫಾರಂ 10ಇ ಸಲ್ಲಿಸಿರಬೇಕು. ಅದು ಇಲ್ಲದಿದ್ದರೆ ಪರಿಹಾರವನ್ನು ಒಪ್ಪುವುದಿಲ್ಲ.

ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಹೊಲ ಮತ್ತು ಹಟ್ಟಿಯದ್ದು. ಪಿಂಚಣಿದಾರರೆಲ್ಲ ಸಹಜ್ ಎಂಬ ಐಟಿಆರ್-1 ತುಂಬಬಹುದು ಎಂದುಕೊಳ್ಳುತ್ತಾರೆ. ರಾಗಿ, ದ್ರಾಕ್ಷಿಯ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಅದು ವರ್ಷಕ್ಕೆ 5,000 ಮೀರಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಪಿಂಚಣಿಯ ಮೇಲಿನ ತೆರಿಗೆ ದರ ನಿರ್ಧರಿಸುವಾಗ ಕೃಷಿ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಡೇರಿಗೆ ಹಾಕುವ ಹಾಲಿನ ಹಣ ಕೃಷಿ ಆದಾಯವೇ ಅಲ್ಲ, ಅದು ವ್ಯವಹಾರದ ಆದಾಯ; ಅದಕ್ಕೆ ಐಟಿಆರ್-3 ಅಥವಾ 4.

ಮೇಲಿನ ಕಲಂಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಅಲ್ಲಿ ಸಂಖ್ಯೆಗಳು ಬೇರೆ. 2025-26ರವರೆಗಿನ ಆದಾಯಕ್ಕೆ ಹಳೆ ಸಂಖ್ಯೆಗಳೇ.

ವಿನಾಯಿತಿ ಕಳೆಯದೆ ಈಗಾಗಲೇ ರಿಟರ್ನ್ ಹಾಕಿಬಿಟ್ಟಿದ್ದರೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ ಸಲ್ಲಿಸಿ. ಗಡುವು ದಾಟಿದ ಮೇಲೆ ಇರುವ ಐಟಿಆರ್-ಯು ಹೆಚ್ಚು ತೆರಿಗೆ ಕಟ್ಟುವವರಿಗೆ ಮಾತ್ರ, ರೀಫಂಡ್ ಕೇಳಲು ಅದು ಬರುವುದಿಲ್ಲ. ಆಗ ಉಳಿಯುವ ದಾರಿ, ವಿಳಂಬ ಮನ್ನಿಸುವಂತೆ ಕಲಂ 119(2)(ಬಿ) ಅಡಿ ಆದಾಯ ತೆರಿಗೆ ಆಯುಕ್ತರಿಗೆ ಅರ್ಜಿ. ಆ ಕರನಿರ್ಧಾರಣಾ ವರ್ಷ ಮುಗಿದ ಐದು ವರ್ಷದೊಳಗೆ, ಪಿಂಚಣಿ ಆದೇಶ, ಗ್ರಾಚ್ಯುಟಿ ಮತ್ತು ರಜೆ ನಗದೀಕರಣದ ಆದೇಶದ ಪ್ರತಿಗಳನ್ನು ಲಗತ್ತಿಸಿ ಕೊಡಬೇಕು.