ಆಟದ ಪೆಟ್ಟಿಗೆಯೂ ಒಂದು ಕಸುಬು

ಬೆಂಗಳೂರಿನ ತಣಿಸಂದ್ರದ ಆಸುಪಾಸಿನ ಮಾಲ್‌ಗಳ ಗೇಮ್ ಝೋನ್‌ಗಳಿಗೆ ಶನಿವಾರ ಸಂಜೆ ಕಾಲಿಟ್ಟರೆ ಕಿವಿಗಡಚಿಕ್ಕುವ ಸದ್ದು. ಮಕ್ಕಳ ಕಣ್ಣು ಪರದೆಯ ಮೇಲಿದ್ದರೆ, ಕೈ ಹಿಡಿಕೆಯ ಮೇಲೆ. ಆ ಹಿಡಿಕೆ ಎಷ್ಟು ದಪ್ಪವಿರಬೇಕು, ಗುಂಡಿ ಎಲ್ಲಿರಬೇಕು, ಗಂಟೆಗಟ್ಟಲೆ ಗುದ್ದಿದರೂ ಪೆಟ್ಟಿಗೆ ಹೇಗೆ ಉಳಿಯಬೇಕು ಎಂದು ತಲೆಕೆಡಿಸಿಕೊಂಡವರು ಇಂಡಸ್ಟ್ರಿಯಲ್ ಡಿಸೈನರ್‌ಗಳು. ಆಟದ ಚರಿತ್ರೆಯಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ.

ಈ ಕಸುಬು ಬೆಳೆದದ್ದು ಅಮೆರಿಕದ ಷಿಕಾಗೊದಲ್ಲಿ. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಪಿನ್‌ಬಾಲ್ ಗೆದ್ದಾಗ ಚೆಂಡು ತಾನಾಗಿ ಉರುಳುತ್ತಿತ್ತು, ಆಟಗಾರ ನೋಡುತ್ತಿದ್ದ. ಯಂತ್ರವನ್ನು ಎತ್ತಿ ಅಲುಗಿಸಿ ಅಂಕ ಗಳಿಸುವವರಿಗೆ ತಡೆಯೊಡ್ಡಲು ವಿನ್ಯಾಸಕ ಹ್ಯಾರಿ ವಿಲಿಯಮ್ಸ್ ಒಳಗೊಂದು ಲೋಲಕ ತೂಗಿಬಿಟ್ಟ. ಪೆಟ್ಟಿಗೆ ಜೋರಾಗಿ ಅಲುಗಿದರೆ ಆಟ ಮುಗಿಯಿತು. 1947ರ ‘ಹಂಪ್ಟಿ ಡಂಪ್ಟಿ’ಯಲ್ಲಿ ಇನ್ನೊಬ್ಬ ವಿನ್ಯಾಸಕ ಹ್ಯಾರಿ ಮ್ಯಾಬ್ಸ್, ಆಟಗಾರ ಚೆಂಡನ್ನು ಹೊಡೆಯಬಲ್ಲ ಆರು ಫ್ಲಿಪ್ಪರ್‌ಗಳನ್ನು ಪಕ್ಕಗಳಲ್ಲಿ ಜೋಡಿಸಿದ. ಮರುವರ್ಷವೇ ಸ್ಟೀವ್ ಕಾರ್ಡೆಕ್ ಎರಡನ್ನೇ ಕೆಳತುದಿಯಲ್ಲಿಟ್ಟ. ಇವತ್ತಿಗೂ ಪಿನ್‌ಬಾಲ್‌ನ ರೂಢಿ ಅದೇ. ಅದೃಷ್ಟದ ಆಟ ಕೈಚಳಕದ ಆಟವಾದದ್ದು ಹೀಗೆ.

ವಿಡಿಯೊ ಗೇಮ್ ಬಂದಾಗಲೂ ಪಾಠ ಅದೇ: ಆಟದ ಗೆಲುವು ಕೈಗೆ ಸಿಗುವ ಹಿಡಿತದಲ್ಲಿದೆ. 1971ರ ‘ಕಂಪ್ಯೂಟರ್ ಸ್ಪೇಸ್’ನ ಫೈಬರ್‌ಗ್ಲಾಸ್ ಮೈಯ ಮಾದರಿಯನ್ನು ನೋಲನ್ ಬುಶ್‌ನೆಲ್ ಜೇಡಿಮಣ್ಣಿನಲ್ಲಿ ತಿದ್ದಿದ್ದ. ನೋಡಲು ಸೊಗಸು, ಆಡಲು ತೊಡಕು. ಮರುವರ್ಷ ಅವನದೇ ಅಟಾರಿ ಕಂಪನಿಯ ‘ಪಾಂಗ್’ಗೆ ಬೇಕಾದದ್ದು ತಿರುಗಿಸುವ ಗುಂಡಿಯೊಂದೇ. ಸನ್ನಿವೇಲ್‌ನ ಒಂದು ಬಾರ್‌ನಲ್ಲಿಟ್ಟ ಮೊದಲ ಯಂತ್ರ ಕೆಟ್ಟುನಿಂತಾಗ, ಬಿಚ್ಚಿ ನೋಡಿದರೆ ನಾಣ್ಯ ತುಂಬಿ ತುಳುಕುತ್ತಿತ್ತು!

ಮುಂದೆ ಅಟಾರಿಯಲ್ಲಿ ಪೀಟರ್ ಟಕಾಯಿಚಿ ನೇತೃತ್ವದ ವಿನ್ಯಾಸಕರು ಪೆಟ್ಟಿಗೆಗಳಿಗೆ ರೂಪ ಕೊಟ್ಟರು. 1979ರ ‘ಲೂನಾರ್ ಲ್ಯಾಂಡರ್’ನಲ್ಲಿ ರಾಕೆಟ್ಟಿನ ವೇಗ ಹಿಡಿತಕ್ಕೆ ಸಿಕ್ಕಿದ್ದು ದೊಡ್ಡ ಲಿವರ್‌ನಿಂದ. ಅದನ್ನು ಎಳೆದವನಿಗೆ ಚಂದ್ರನ ಮೇಲೆ ತಾನೇ ಇಳಿಯುತ್ತಿರುವ ಭಾವ. ಅದೇ ವರ್ಷ ಅಟಾರಿ ಹೊರತಂದ ‘ಹರ್ಕ್ಯುಲಿಸ್’ ಪಿನ್‌ಬಾಲ್‌ನ ಚೆಂಡು ಬಿಲಿಯರ್ಡ್ಸ್ ಚೆಂಡಿನಷ್ಟಿತ್ತು. ಗಾತ್ರ ಬೆರಗು ಹುಟ್ಟಿಸಿತು, ಆದರೆ ಚೆಂಡು ನಿಧಾನವಾಗಿ ಉರುಳಿ ಆಟದ ಬಿಸಿ ಆರಿತು.

ಕರ್ನಾಟಕಕ್ಕೆ ಈ ಕಸುಬು ಪರಕೀಯವೇನಲ್ಲ. ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬೊಂಬೆಯ ಹಿಂದೆ ಮಗುವಿನ ಅಂಗೈಯ ಅಳತೆ ಬಲ್ಲ ಕೈಗಳಿವೆ. ಒಂದು ಕಾಲಕ್ಕೆ ಎಚ್‌ಎಂಟಿ ಗಡಿಯಾರಗಳು ತಯಾರಾಗುತ್ತಿದ್ದ ಜಾಲಹಳ್ಳಿಗೆ ಹತ್ತಿರದಲ್ಲೇ, ಯಶವಂತಪುರದ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ ಇದೆ. ಅಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ವಿಷಯ. ಇದೇ ಊರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್, ಭಾರತದ ಆರಂಭಿಕ ಗೇಮ್ ಕಂಪನಿಗಳಲ್ಲಿ ಒಂದು.

ಮಗ ಅಥವಾ ಮಗಳು ಗೇಮ್ ಝೋನ್‌ನಿಂದ ಹೊರಡುವುದಿಲ್ಲ ಎಂದು ಹಟ ಹಿಡಿದರೆ ಗದರುವ ಮುನ್ನ ಒಂದು ಪ್ರಶ್ನೆ ಕೇಳಿ: ಈ ಯಂತ್ರವನ್ನು ನೀನೇ ಮಾಡಿದ್ದರೆ ಏನು ಬದಲಿಸುತ್ತಿದ್ದೆ? ಉತ್ತರ ಚುರುಕಾಗಿ ಬಂದರೆ, ಕೈಗೊಂದು ಪೆನ್ಸಿಲ್ಲು, ಒಂದಿಷ್ಟು ರಟ್ಟು ಕೊಟ್ಟು ಕೂರಿಸಿ.