ಬಿಸಿಲಿಗೆ ಜಗ್ಗದ ಬಿಲ್ಲೆ

1939ರಲ್ಲಿ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ರಿಚ್‌ಮೈಯರ್ ಲೆಕ್ಕ ಹಾಕಿ ವಿಚಿತ್ರವಾದ ಮಾತೊಂದನ್ನು ಮುಂದಿಟ್ಟರು. ರೇಡಿಯೊ ಅಲೆಯನ್ನು ಹಿಡಿದಿಡಲು ಲೋಹದ ಡಬ್ಬಿಯೇ ಆಗಬೇಕೆಂದಿಲ್ಲ, ವಿದ್ಯುತ್ ಹರಿಯಗೊಡದ ಗಟ್ಟಿ ವಸ್ತುವಿನ ತುಂಡೂ ಸಾಕು! ಅದನ್ನು ಯಾರೂ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ನೂರಾರು ಚಾನೆಲ್‌ಗಳ ನಡುವೆ ಬೇಕಾದ್ದೊಂದನ್ನೇ ಸೋಸಿ ತೆಗೆಯುವ ಮೈಕ್ರೋವೇವ್ ಫಿಲ್ಟರ್‌ಗಳು ಸಾಲಾಗಿ ಜೋಡಿಸಿದ ಲೋಹದ ಡಬ್ಬಿಗಳಾಗಿಯೇ ಉಳಿದವು. ಜಾಗವೂ ಹೆಚ್ಚು, ತೂಕವೂ ಹೆಚ್ಚು.

ಮಿಶಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿದ ರಾಜೇಶ್ವರಿ ಚಟರ್ಜಿ, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಗೆ ನೆಲೆ ಕಟ್ಟಿದರು. ವಿದ್ಯುತ್ ಹರಿಯಗೊಡದ ವಸ್ತುಗಳಿಂದ ಆಂಟೆನಾ ಮಾಡುವ ಬಗೆಯನ್ನು ಅವರು ಅಭ್ಯಾಸ ಮಾಡಿದರು. ಅಲ್ಲಿ ಅಲೆ ಹೊರಗೆ ಹೋಗಬೇಕಿತ್ತು. ಅಂಥದೇ ವಸ್ತುವಿನೊಳಗೆ ಅಲೆಯನ್ನು ಕೂಡಿಹಾಕುವ ದಾರಿ ಇನ್ನೊಂದು ಕಡೆ, ಹುಡುಕದೆಯೇ ಸಿಕ್ಕಿತು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಕಿರಾ ಒಕಾಯಾ ರೂಟೈಲ್ ಹರಳುಗಳ ಬೆನ್ನು ಹತ್ತಿದ್ದರು. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡ್‌ನ ಹರಳು ಅದು. ಅವರಿಗೆ ಫಿಲ್ಟರ್ ಬೇಕಿರಲಿಲ್ಲ, ಅವರ ಕೆಲಸ ಹರಳಿನೊಳಗಿನ ಕಾಂತೀಯ ಗುಣಗಳದ್ದು. ಆದರೆ ಹರಳು ತಾನೇ ಅಲೆಯನ್ನು ಹಿಡಿದಿಡುವ ಅನುರಣಕದಂತೆ ಮಿಡಿಯುತ್ತಿತ್ತು. 1960ರಲ್ಲಿ ಒಕಾಯಾ ಅದನ್ನು ವರದಿ ಮಾಡಿದರು. ರಿಚ್‌ಮೈಯರ್ ಲೆಕ್ಕ ನಿಜವಾಗಿತ್ತು.

ರಾಂಟೆಕ್ ಕಂಪನಿಯ ಸೀಮೋರ್ ಕೋನ್ ಕೂಡಲೇ ಮುಂದಿನ ಹೆಜ್ಜೆ ಇಟ್ಟರು. ರೂಟೈಲ್ ಪಿಂಗಾಣಿಯ ಬಿಲ್ಲೆಗಳನ್ನು ಲೋಹದ ಕೊಳವೆಯೊಳಗೆ ಅಂತರ ಬಿಟ್ಟು ಸಾಲಾಗಿ ಕೂರಿಸಿದರು. ಫಿಲ್ಟರ್ ಪುಟ್ಟದಾಯಿತು. ಗೆದ್ದೆವು ಎನ್ನುವಷ್ಟರಲ್ಲಿ ಸೆಖೆ ಕೈಕೊಟ್ಟಿತು. ಬೆಳಗಿನ 25 ಡಿಗ್ರಿಗೆ ಹೊಂದಿಸಿದ 4,000 ಮೆಗಾಹರ್ಟ್ಸ್‌ನ ರೂಟೈಲ್ ಫಿಲ್ಟರನ್ನು ಕಮಲಾಪುರದಂಥ ಬಿಸಿಲೂರಿನ ಬೇಸಿಗೆಯಲ್ಲಿಟ್ಟರೆ, ಮಧ್ಯಾಹ್ನ 40 ಡಿಗ್ರಿ ಮುಟ್ಟುವ ಹೊತ್ತಿಗೆ ಅದು 20 ಮೆಗಾಹರ್ಟ್ಸ್‌ಗೂ ಹೆಚ್ಚು ಜಾರಿ ಪಕ್ಕದ ಚಾನೆಲ್‌ನಲ್ಲಿ ಕೂತಿರುತ್ತಿತ್ತು. 1968ರಲ್ಲಿ ಕೋನ್ ತಮ್ಮ ಕೆಲಸವನ್ನು ಪ್ರಕಟಿಸಿದಾಗಲೂ ಆ ಗಂಟು ಬಿಚ್ಚಿರಲಿಲ್ಲ.

ಅದನ್ನು ಬಿಚ್ಚಿದ್ದು ಕುಲುಮೆಯ ಮುಂದೆ ನಿಂತವರು. ಬೇರಿಯಂ ಮತ್ತು ಟೈಟಾನಿಯಂ ಸಂಯುಕ್ತಗಳ ಪುಡಿಯನ್ನು ಅಳತೆ ಪ್ರಕಾರ ಬೆರೆಸಿ, ಅರೆದು, ಅಚ್ಚಿನಲ್ಲಿ ಒತ್ತಿ, ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಬೇಯಿಸಬೇಕಿತ್ತು. ಪ್ರಮಾಣ ತುಸು ತಪ್ಪಿದರೂ ಬೇಡದ ಸಂಯುಕ್ತಗಳು ಒಳಗೆ ಸೇರಿಕೊಳ್ಳುತ್ತಿದ್ದವು. 1971ರಲ್ಲಿ ರೇಥಿಯಾನ್‌ನ ತಂಡ ಬೇರಿಯಂ ಟೆಟ್ರಾಟೈಟನೇಟ್ ಪಿಂಗಾಣಿಯನ್ನು ತೋರಿಸಿತು. 1974ರಲ್ಲಿ ಬೆಲ್ ಲ್ಯಾಬ್ಸ್‌ನ ಓಬ್ರಯನ್, ಥಾಮ್ಸನ್ ಮತ್ತು ಪ್ಲೂರ್ಡ್ ಎರಡು ಬೇರಿಯಂಗೆ ಒಂಬತ್ತು ಟೈಟಾನಿಯಂ ಇದ್ದ ಇನ್ನೊಂದು ಸಂಯುಕ್ತವನ್ನು ಹೊರತಂದರು. ಅದೇ 15 ಡಿಗ್ರಿ ಏರಿಕೆಗೆ ಇದು ಜಾರಿದ್ದು ಒಂದು ಮೆಗಾಹರ್ಟ್ಸ್‌ನ ಸಣ್ಣ ಪಾಲು ಮಾತ್ರ. ಮುಂದೆ ಜಪಾನಿನ ಮುರಾಟಾ ಕಂಪನಿ ಜಿರ್ಕೋನಿಯಂ, ತವರ ಬೆರೆತ ಪಿಂಗಾಣಿಯನ್ನು ತಯಾರಿಸಿ ಬಿಲ್ಲೆಗಳನ್ನು ಮಾರುಕಟ್ಟೆಗೆ ತಂದಿತು.

ಗುಟ್ಟು ಸರಳವಾಗಿತ್ತು. ಇಂಥ ಪಿಂಗಾಣಿಯೊಳಗೆ ಅಲೆಯ ಉದ್ದ ಸುಮಾರು ಆರನೇ ಒಂದು ಪಾಲಿಗೆ ಕುಗ್ಗುತ್ತದೆ, ಫಿಲ್ಟರ್ ಚಿಕ್ಕದಾಗುವುದು ಅದರಿಂದ. ಬಿಸಿಗೆ ಬಿಲ್ಲೆ ಹಿಗ್ಗಿದಾಗ ಆವರ್ತನ ಇಳಿಯುತ್ತದೆ, ಅದೇ ಬಿಸಿಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಸ್ತು ಅಲೆಯನ್ನು ಎಷ್ಟು ಕುಗ್ಗಿಸುತ್ತದೆ ಎಂಬುದನ್ನು ತೀರ್ಮಾನಿಸುವ ಗುಣ, ತಗ್ಗಿದಾಗ ಏರುತ್ತದೆ. ರೂಟೈಲ್‌ನಲ್ಲಿ ಎರಡನೆಯದೇ ಮೇಲುಗೈ. ಹೊಸ ಪಿಂಗಾಣಿಯಲ್ಲಿ ಎರಡೂ ಬಹುತೇಕ ಸಮಸಮ. ಇಂದು 5ಜಿ ಗೋಪುರಗಳ ಆಂಟೆನಾಗಳಲ್ಲೂ ಪಿಂಗಾಣಿ ಫಿಲ್ಟರ್‌ಗಳು ಕೆಲಸ ಮಾಡುತ್ತಿವೆ.