ಡೈ ಹಾಕಿ ಹಾಳಾದ ಕೂದಲು ಮತ್ತೆ ಸರಿ ಹೋಗುತ್ತಾ? ದುಡ್ಡು ಸುರಿಯೋ ಮೊದಲು ಇದನ್ನ ಓದಿ

ಶಿವಮೊಗ್ಗ: ಮನೆಯಲ್ಲಿ ಮದುವೆ, ಗೃಹಪ್ರವೇಶ ಅಂದ್ರೆ ಹಿಂದಿನ ದಿನ ತಲೆಗೆ ಡೈ ಹಾಕೋದು ಮಾಮೂಲು. ನಮ್ಮಮ್ಮ ಭದ್ರಾವತಿಯ ನೆಂಟರ ಮದುವೆಗಳಿಗೆ ಅಂತ ಒಂದೇ ತಿಂಗಳಲ್ಲಿ ಮೂರು ಸಲ, ಬುಡದಿಂದ ತುದಿವರೆಗೂ ಹಚ್ಚಿಕೊಂಡ್ರು. ಈಗ ಬಾಚಿದ್ರೆ ಕೂದಲು ಅರ್ಧಕ್ಕೇ ತುಂಡಾಗಿ ಬರ್ತಿದೆ.

ಉದುರೋದು ಬೇರೆ, ತುಂಡಾಗೋದು ಬೇರೆ. ಉದುರಿದ ಕೂದಲಿನ ಬುಡದಲ್ಲಿ ಸಣ್ಣ ಬಿಳಿ ಗಂಟು ಇರುತ್ತೆ. ತುಂಡಾದ ಕೂದಲಿಗೆ ಅದು ಇರಲ್ಲ.

ಹಾಳಾಗೋದು ಹೇಗೆ?

ಕೂದಲಿನ ಹೊರಪದರ ನಮ್ಮ ಮಲೆನಾಡಿನ ಹೆಂಚಿನ ಮಾಡಿನ ಥರ, ಒಂದರ ಮೇಲೊಂದು ಜೋಡಿಸಿದ ಹಾಗಿರುತ್ತೆ. ಪರ್ಮನೆಂಟ್ ಡೈನಲ್ಲಿರುವ ಅಮೋನಿಯಾ ಆ ಹೆಂಚುಗಳನ್ನ ಎಬ್ಬಿಸುತ್ತೆ. ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹೋಗಿ ಸಹಜ ಬಣ್ಣವನ್ನ ತಿಳಿ ಮಾಡುತ್ತೆ. ಡೈನ ಸಣ್ಣ ಕಣಗಳು ಒಳಗೇ ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಅದಕ್ಕೇ ತೊಳೆದರೂ ಬಣ್ಣ ಹೋಗಲ್ಲ. ಆದರೆ ಎದ್ದ ಹೆಂಚು ಮೊದಲಿನ ಹಾಗೆ ಕೂರಲ್ಲ. ಮೇಲಿನ ಜಿಡ್ಡಿನ ಪದರ ಹೋಗಿ ಕೂದಲು ಒರಟಾಗುತ್ತೆ, ಒಳಗಿನ ಪ್ರೋಟೀನ್ ಬಲ ಕಳ್ಕೊಳ್ಳುತ್ತೆ. ‘ಅಮೋನಿಯಾ ಫ್ರೀ’ ಅಂದ್ರೆ ಸಾಮಾನ್ಯವಾಗಿ ವಾಸನೆ ಕಮ್ಮಿ ಅಷ್ಟೇ, ಆ ಜಾಗದಲ್ಲಿ ಬೇರೆ ಕ್ಷಾರ ಇರುತ್ತೆ.

ಸರಿ ಹೋಗುತ್ತಾ?

ಹಾಳಾದ ಕೂದಲು ಸರಿ ಹೋಗಲ್ಲ. ನೆತ್ತಿಯಿಂದ ಹೊರಗೆ ಬಂದ ಕೂದಲು ಉಗುರಿನಂತೆ ಜೀವ ಇಲ್ಲದ್ದು. ಸ್ಪಾ, ಕಂಡೀಷನರ್ ಒರಟುತನ ಮುಚ್ಚುತ್ತವೆ. ತಲೆಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದ್ರೆ ಪ್ರೋಟೀನ್ ಹೋಗೋದು ಸ್ವಲ್ಪ ತಪ್ಪುತ್ತೆ. ಜೀವ ಇರೋದು ಚರ್ಮದೊಳಗಿನ ಬುಡದಲ್ಲಿ. ಅಲ್ಲಿಂದ ಹೊಸ ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. 30 ಸೆಂ.ಮೀ. ಕೂದಲು ಪೂರ್ತಿ ಹೊಸದಾಗಲು ಎರಡೂವರೆ ವರ್ಷ ಬೇಕು. ಅಲ್ಲಿವರೆಗೆ ಆಗಾಗ ತುದಿ ಕತ್ತರಿಸಿ, ಡೈ ಬೇಕೇ ಬೇಕು ಅಂದ್ರೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಿ.

ಇದಕ್ಕಿಂತ ದೊಡ್ಡ ಅಪಾಯ

ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ. ಕೆಲವರಿಗೆ ಇದು ಅಲರ್ಜಿ. ವರ್ಷಗಟ್ಟಲೆ ಹಚ್ಚಿ ಏನೂ ಆಗದವರಿಗೂ ಒಂದು ದಿನ ಶುರುವಾಗಬಹುದು. ‘ಕಪ್ಪು ಮೆಹೆಂದಿ’ ಅಂತ ನಂಬಬೇಡಿ, ಬರೀ ಮೆಹೆಂದಿ ಸೊಪ್ಪು ಕೊಡೋದು ಕೆಂಪು ಬಣ್ಣ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿ. ಪ್ರತಿ ಸಲ ಹಚ್ಚೋ ಮೊದಲು ಕಿವಿ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಉರಿ ಬಂದ್ರೆ ತಲೆಗೆ ಹಾಕಲೇಬೇಡಿ.

ಹಚ್ಚಿದ ಮೇಲೆ ಕಣ್ಣಿನ ರೆಪ್ಪೆ, ಮುಖ ಊದಿಕೊಂಡ್ರೆ ಚೆನ್ನಾಗಿ ತೊಳೆದು ಡಾಕ್ಟರ್‌ಗೆ ತೋರಿಸಿ. ಉಸಿರಾಟಕ್ಕೆ ತೊಂದರೆ ಆದ್ರೆ ಮೆಗ್ಗಾನ್ ಆಗಲಿ, ಹತ್ತಿರದ ಆಸ್ಪತ್ರೆ ಆಗಲಿ, ತಕ್ಷಣ ಹೊರಡಿ. ಡೈ ಪ್ಯಾಕೆಟ್ ಜೊತೆಗೇ ಇರಲಿ.

ಅಮ್ಮ ಮಾತ್ರ ತುದಿ ಕತ್ತರಿಸೋಕೆ ಇನ್ನೂ ಒಪ್ಪಿಲ್ಲ.